ಚಿಲಕದ ಗುಟ್ಟು

೧೪ ಜುಲೈ, ಭಾನುವಾರ

ಪ್ರೀತಿಯ ಕುದುರೆಗೆ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರವಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು ಅಂತ ಸುಳ್ಳು ಹೇಳುವುದಿಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕೂ ಸಲ ಬೈಗುಳವೇ ಬಂತು, ಹರಿದು ಹಾಕಿದೆ.

ಇಲ್ಲಿ ಎಲ್ಲ ಹಾಗೇ ಇದೆ. ಮೈದಾನದ ಮೂಲೆಯ ನಲ್ಲಿ ಇನ್ನೂ ಸೋರುತ್ತದೆ, ಕಾವಲುಗಾರ ಇನ್ನೂ ನಾಳೆ ಸರಿಮಾಡಿಸುತ್ತೇನೆ ಅನ್ನುತ್ತಾನೆ. ಹೊಸದಾಗಿ ಆರು ಹುಡುಗಿಯರು ಸೇರಿದ್ದಾರೆ. ಒಬ್ಬಳಂತೂ ಹಾಕಿ ಸ್ಟಿಕ್ಕನ್ನು ಪೊರಕೆ ಹಿಡಿದ ಹಾಗೆ ಹಿಡಿಯುತ್ತಾಳೆ. ನಾವೂ ಹಾಗೇ ಇದ್ದೆವಲ್ಲ, ನೀನು ಓಡುವ ಕುದುರೆ, ನಾನು ಜಾಗ ಬಿಡದ ಗೂಟ.

ಈಗ ಚಿಲಕದ ಮಾತು. ನಮ್ಮ ಗೋಲ್‌ಕೀಪರ್‌ಗೆ ಜೊತೆಯ ಹುಡುಗಿಯರೇ ಇಟ್ಟ ಹೆಸರು ಅದು. ರಾಷ್ಟ್ರೀಯ ಕಿರಿಯರ ತಂಡದ ಆಯ್ಕೆ ಶಿಬಿರದಲ್ಲಿ ಮೂರು ದಿನ ನಿನ್ನ ಕಣ್ಣೆದುರೇ ಆಡಿದಳು, ಬಿಟ್ಟದ್ದು ಒಂದೇ ಗೋಲು. ಆದರೂ ಪಟ್ಟಿಯಲ್ಲಿ ಅವಳಿಲ್ಲ. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಅವಳ ಕೊನೆಯ ಅವಕಾಶ. ಆಟ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ನಾನೇ ಸಮಾಧಾನ ಹೇಳುತ್ತಿದ್ದೆ. ಆಮೇಲೆ ಕಾರಣದ ಹಾಳೆ ಬಂತು, ಕೆಳಗೆ ನಿನ್ನ ಸಹಿ: "ಎಡಗಡೆಯಿಂದ ಎದ್ದು ಬರುವ ಚೆಂಡಿಗೆ ಅರೆಗಳಿಗೆ ಕಣ್ಣು ಮುಚ್ಚುತ್ತಾಳೆ."

ಆ ಮೂರು ದಿನದಲ್ಲಿ ಅವಳು ಒಂದು ಸಲವೂ ಕಣ್ಣು ಮುಚ್ಚಲಿಲ್ಲ ಕಣೇ. ಬೇಲಿಯಾಚೆ ನಿಂತು ನಾನು ನೋಡುತ್ತಿದ್ದದ್ದೇ ಅದನ್ನು. ಆ ವಾಕ್ಯ ನನ್ನದು. ಮೇ ತಿಂಗಳಲ್ಲಿ ನೀನೇ ಬರೆದಿದ್ದೆ, "ನಿನ್ನ ಹುಡುಗೀರ ಬಗ್ಗೆ ಎಲ್ಲಾ ಬರಿಯೇ, ಆಯ್ಕೆ ಮಾಡೋಳು ಅಂತ ಕೇಳ್ತಿಲ್ಲ, ಗೆಳತಿ ಅಂತ ಕೇಳ್ತಿದ್ದೀನಿ" ಅಂತ. ಎರಡು ವರ್ಷದ ಹಿಂದೆ ಹೆಲ್ಮೆಟ್ ಹಾಕದೆ ನಿಂತಿದ್ದಾಗ ಅವಳ ಮುಖಕ್ಕೆ ಚೆಂಡು ಬಡಿದು ಹಲ್ಲು ಮುರಿದಾಗಿನಿಂದ ಹೀಗಾಗಿದೆ, ಇದಕ್ಕೆ ಏನು ಅಭ್ಯಾಸ ಮಾಡಿಸಲಿ ಅಂತ ಉತ್ತರದಲ್ಲಿ ನಾನು ಕೇಳಿದ್ದೆ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ.

ಈ ಸಲದ ನಿನ್ನ ಪತ್ರದಲ್ಲಿ "ಕೆಲಸ ಅಂದ್ರೆ ಕೆಲಸ, ಮನಸ್ಸಿಗೆ ಹಚ್ಕೋಬೇಡ" ಅಂದಿದ್ದೀಯ. ನಮ್ಮ ಆಯ್ಕೆಯ ದಿನ ನಿನ್ನ ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿ, ಮೇಲೆ ಎರಡು ಜೊತೆ ಕಾಲುಚೀಲ ಎಳೆದವಳು ನಾನು. "ಅವಳ ಕಾಲು ಸರಿ ಇದೆಯೇನಮ್ಮಾ?" ಅಂತ ತರಬೇತುದಾರರು ನನ್ನನ್ನೇ ಕೇಳಿದರು. "ಕುದುರೆ ಸರ್ ಅವಳು, ಅವಳಿಗೇನಾಗುತ್ತೆ?" ಅಂದೆ. ನಮ್ಮಿಬ್ಬರ ನಡುವೆ ಉಳಿದಿದ್ದ ಒಂದೇ ಜಾಗ ನಿನಗೆ ಹೋಯಿತು. ಇಷ್ಟು ವರ್ಷದಲ್ಲಿ ನಾನು ಆ ಮಾತು ಎತ್ತಿರಲಿಲ್ಲ. ಈಗ ಎತ್ತಲು ನಾಚಿಕೆಯಾಗುತ್ತಿದೆ, ಆದರೂ ಎತ್ತುತ್ತಿದ್ದೇನೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಗುಟ್ಟು ಬಿಟ್ಟುಕೊಡದ ಒಬ್ಬ ಗೆಳತಿ ಅವಳಿಗೆ ಸಿಗಲಿ.

ನಿನ್ನ ಹಳೆಯ
ಗೂಟ

ತಾ.ಕ.: ಆ ಹಾಳೆಯನ್ನು ಚಿಲಕ ನನಗಿಂತ ಮೊದಲೇ ಓದಿದ್ದಳು. ಕಣ್ಣು ಮುಚ್ಚುವ ಸಂಗತಿಯನ್ನು ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ. ನನಗೊಬ್ಬಳಿಗೇ ಹೇಳಿ, "ಯಾರಿಗೂ ಹೇಳ್ಬೇಡಿ ಅಕ್ಕಾ" ಅಂದಿದ್ದಳು. ಇವತ್ತಿಗೂ ದಿನಾ ಅಭ್ಯಾಸಕ್ಕೆ ಬರುತ್ತಾಳೆ, ನಾನು ಹೊಡೆದ ಚೆಂಡನ್ನೆಲ್ಲ ತಡೆಯುತ್ತಾಳೆ. ಏಳು ವರ್ಷ ಅಕ್ಕ ಅನ್ನುತ್ತಿದ್ದವಳು ಈಗ ನನ್ನನ್ನು ಮೇಡಂ ಅನ್ನುತ್ತಾಳೆ.