ಏಳು ಕೋಣೆಯ ಸುಳ್ಳು

ಅಕ್ಕಾ,

ಮಧ್ಯಾಹ್ನದಿಂದ ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ಹರಿದು ಹಾಕಿದ್ದೇನೆ. ಮೇಕಪ್ ರೂಮಿನಲ್ಲಿ ಕೂತರೆ ಎದ್ದು ಓಡಾಡೋಣ ಅನ್ನಿಸುತ್ತದೆ, ಓಡಾಡಿದರೆ ಕೂರೋಣ ಅನ್ನಿಸುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ದನಿ ತಾನಾಗಿ ನಟನೆಗೆ ಇಳಿದುಬಿಡುತ್ತದೆ.

ಮೂರು ವಾರದ ಹಿಂದೆ ನೀನು ಹೇಳದೆ ಕೇಳದೆ ಬಂದೆಯಲ್ಲ, ಆ ಮಧ್ಯಾಹ್ನದ್ದೇ ಮಾತು. ಯಾವುದೋ ವೆಬ್‌ಸೈಟಿನಲ್ಲಿ ನನ್ನ ಆಸ್ತಿ ಇಷ್ಟು ಕೋಟಿ, ಇಂಥ ರಸ್ತೆಯಲ್ಲಿ ಬಂಗಲೆ, ಎರಡು ಕಾರು ಎಂದು ಬರೆದದ್ದನ್ನು ನಿನ್ನ ಪಕ್ಕದ ಮನೆಯಾಕೆ ತೋರಿಸಿದ್ದರಂತೆ. ನೀನು ಆ ರಸ್ತೆ ಹುಡುಕಿಕೊಂಡು, ಎರಡು ಬಸ್ಸು ಬದಲಿಸಿ, ನೀನು ದುಡಿಯುವ ಪುಸ್ತಕದ ಬೈಂಡಿಂಗ್ ಅಂಗಡಿಯ ಗೋಂದು ಇನ್ನೂ ಉಗುರಿಗೆ ಅಂಟಿಕೊಂಡಿರುವಾಗಲೇ ಗೇಟಿನ ಮುಂದೆ ನಿಂತಿದ್ದೆ. ನಾನು ರೇಷ್ಮೆಯ ನಿಲುವಂಗಿ ತೊಟ್ಟು ಅಮೃತಶಿಲೆಯ ಮೆಟ್ಟಿಲಿನ ಮೇಲಿದ್ದೆ.

ಅಕ್ಕಾ, ಅದು ನನ್ನ ಮನೆಯಲ್ಲ. ಧಾರಾವಾಹಿಯವರು ದಿನದ ಬಾಡಿಗೆಗೆ ಹಿಡಿದಿರುವ ಶೂಟಿಂಗ್ ಮನೆ. ಮಹಡಿಗೆ ಮಾಲೀಕರು ಬೀಗ ಹಾಕಿಕೊಂಡಿದ್ದಾರೆ. ಆರು ವರ್ಷದಿಂದ ಆ ಮೆಟ್ಟಿಲು ಇಳಿಯುತ್ತಲೇ ಇದ್ದೇನೆ, ಮೇಲೇನಿದೆ ಅಂತ ಒಮ್ಮೆಯೂ ನೋಡಿಲ್ಲ.

"ಇಷ್ಟೊಂದು ವಯರು, ಲೈಟು ಯಾಕೋ?" ಅಂದೆ ನೀನು. "ಇವತ್ತು ನಮ್ಮನೇಲೇ ಶೂಟಿಂಗ್ ಇಟ್ಕೊಂಡಿದ್ದೀವಕ್ಕ," ಅಂದೆ ನಾನು. ಡೈಲಾಗ್ ಬರೆದುಕೊಟ್ಟಿದ್ದರೂ ಅಷ್ಟು ಸರಾಗವಾಗಿ ಬರುತ್ತಿರಲಿಲ್ಲ. ಊಟದ ಬಿಡುವಾಗಿತ್ತು, ಎಲ್ಲರೂ ಹಿತ್ತಲಲ್ಲಿದ್ದರು, ಸುಳ್ಳನ್ನು ಹಿಡಿಯಲು ಯಾರೂ ಇರಲಿಲ್ಲ. ನೀನು ಸೋಫಾದ ತುದಿಯಲ್ಲಿ ಕೂತು, "ಮಹಡೀಲಿ ಎಷ್ಟು ಕೋಣೆ?" ಎಂದು ಕೇಳಿದೆ. "ಏಳು," ಅಂದೆ. ಧಾರಾವಾಹಿಯ ಕಥೆಯಲ್ಲಿ ಅಷ್ಟೇ ಇರೋದು. ನೀನು ನಕ್ಕು, "ಏಳರಲ್ಲಿ ಒಂದು ಸಾಕಿತ್ತು ಕಣೋ ನಂಗೆ. ಅಂಗಡಿ ಮಾರ್ತಾ ಇದ್ದಾರೆ. ಮೇಲಿನ ರೂಮು ತಿಂಗಳ ಕೊನೇಲಿ ಬಿಡಬೇಕು," ಅಂದೆ.

ನಿನ್ನ ಬಾಯಿಂದ ಬೇಡುವ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಹೋದಾಗ ನನಗೆ ಒಂಬತ್ತು, ನಿನಗೆ ಹತ್ತೊಂಬತ್ತು. ಅದೇ ರೂಮಿನಲ್ಲಿ ಹೊಲಿಗೆ ಹಾಕದ ಪುಸ್ತಕಗಳ ನಡುವೆ ನನ್ನನ್ನು ಮಲಗಿಸಿ ಬೆಳೆಸಿದೆ. ಮೊದಲ ನಾಟಕದಲ್ಲಿ ಮಾತು ಮರೆತು ನಿಂತಾಗ ಹಿಂದಿನ ಸಾಲಿನಿಂದ ಅದನ್ನು ಕೂಗಿ ಹೇಳಿದವಳೂ ನೀನೇ. ಅಂಥವಳಿಗೆ ನಾನು ಕೊಟ್ಟ ಉತ್ತರ: "ಮೇಲೆಲ್ಲ ಪೇಂಟಿಂಗ್ ಕೆಲಸ ನಡೀತಿದೆ ಅಕ್ಕ, ನೋಡೋಣ."

ನೀನು ತಲೆಯಾಡಿಸಿ ಎದ್ದೆ. "ಚೆನ್ನಾಗಿದೆ ಕಣೋ ಮನೆ," ಅಂದೆ. ಬಸ್ ಸ್ಟಾಪಿನ ತನಕವೂ ನಾನು ಬರಲಿಲ್ಲ, ನಿಲುವಂಗಿ ಕೊಳೆಯಾಗುತ್ತದೆ ಅಂತ. ಆಮೇಲೆ ಸೆಟ್ಟಿನ ಸಾಮಾನು ನೋಡಿಕೊಳ್ಳುವವರು ನೀನು ಕೂತಿದ್ದ ಸೋಫಾದ ಬದಿಯ ಹಣ್ಣಿನ ಬುಟ್ಟಿ ತಂದು ಗೊಣಗಿದರು: "ಯಾರ್ ಸಾರ್ ಇದು, ಮೇಣದ ಸೇಬಿಗೆ ಉಗುರು ಒತ್ತಿದ್ದು?" ಗುರುತು ಕಾಣದ ಹಾಗೆ ಆ ಸೇಬನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರಂತೆ. ಅಂದರೆ ಹಣ್ಣಿನ ಹಾಗೆ ಮನೆಯೂ ಸುಳ್ಳು ಅಂತ ನಿನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನನ್ನ ಮರ್ಯಾದೆ ಉಳಿಸಿ ಹೋದೆ. ಆವತ್ತಿನಿಂದ ನನಗೆ ಕೂತಲ್ಲಿ ನಿಂತಲ್ಲಿ ನೆಮ್ಮದಿಯಿಲ್ಲ.

ಆ ವೆಬ್‌ಸೈಟಿನವರು ಈ ಬಂಗಲೆ ನಿಮ್ಮದೇನಾ ಎಂದು ಕೇಳಿದಾಗ ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಸುಮ್ಮನೆ ನಕ್ಕೆ. ನಮ್ಮ ಕಸುಬಿನಲ್ಲಿ ಬಡವನಂತೆ ಕಂಡವನಿಗೆ ಶ್ರೀಮಂತನ ಪಾತ್ರ ಕೊಡುವುದಿಲ್ಲ. ಕೋಟು, ಬೂಟು ನಮ್ಮದೇ ಆಗಬೇಕು. ದುಡಿದ ದಿನಕ್ಕಷ್ಟೇ ಸಂಬಳ, ಅದೂ ಮೂರು ತಿಂಗಳು ತಡ. ಕಾರು ಒಂದೇ, ಅದೂ ಕಂತಿನದು. ನಾನಿರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಕೋಟುಗಳು.

ನಿನ್ನೆ ನನ್ನ ಪಾತ್ರವನ್ನು ಸಾಯಿಸಿದರು. ಆಸ್ಪತ್ರೆಯ ಮಂಚ, ಮುಚ್ಚಿದ ಕಣ್ಣು, ಸುತ್ತ ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ಗೋಳಾಡುವ ಸಂಸಾರ. ಉಸಿರು ಬಿಗಿಹಿಡಿದು ಮಲಗಿದ್ದವನಿಗೆ, ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದ ನೀನು ಕಂಡುಬಿಟ್ಟೆ. "ಕಟ್! ಸಾರ್, ಹೆಣ ಅಳ್ತಾ ಇದೆ!" ಎಂದು ನಿರ್ದೇಶಕರು ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮೂರನೇ ಟೇಕಿಗೂ ಕಣ್ಣೀರು ನಿಲ್ಲದೆ, ಕೊನೆಗೆ ಮುಖದ ಮೇಲೆ ಬಟ್ಟೆ ಎಳೆದು ಶಾಟ್ ಮುಗಿಸಿದರು.

ಇವತ್ತು ನನ್ನ ಸಾಮಾನು ಒಯ್ಯಲು ಬಂದವನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಒಂಬತ್ತು ಕೋಟುಗಳನ್ನು ಬಾಡಿಗೆ ಉಡುಪಿನ ಅಂಗಡಿಗೆ ಮಾರಿ ಬಂದೆ. ಕೋಣೆ ಖಾಲಿಯಾಯಿತು. ಅಳತೆ ತೆಗೆದೆ: ಮಂಚ ಹಿಡಿಸುತ್ತದೆ, ನಿನ್ನ ಹೊಲಿಗೆಯ ಮೇಜು ಸ್ವಲ್ಪ ಓರೆಯಾಗಿ ಹಿಡಿಸುತ್ತದೆ. ಕಿಟಕಿ ತೆರೆದರೆ ಕಾಣುವುದು ಪಕ್ಕದವರ ಗೋಡೆಯೇ, ಗಾಳಿ ಪರವಾಗಿಲ್ಲ. ಮೆಟ್ಟಿಲು ಐವತ್ತೆರಡು. ನಿನ್ನ ಮಂಡಿಯನ್ನು ನೆನೆದು ಎರಡು ಸಲ ಎಣಿಸಿದೆ, ಒಂದೂ ಕಡಿಮೆಯಾಗಲಿಲ್ಲ. ಮುಂದಿನ ತಿಂಗಳಿಂದ ಬೇರೆ ಧಾರಾವಾಹಿಯಲ್ಲಿ ಗುಮಾಸ್ತನ ಪಾತ್ರ, ವಾರಕ್ಕೆ ಎರಡೇ ದಿನ. ಇರುವುದು ಇಷ್ಟೇ ಅಕ್ಕಾ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಗುರುವಾರ ಲಾರಿ ತೆಗೆದುಕೊಂಡು ಬರುತ್ತೇನೆ. ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈಯಬಹುದು, ಆರು ಗಂಟೆಯ ಪ್ರಯಾಣವಿದೆ. ಸಿಟ್ಟು ಇಳಿಯದಿದ್ದರೆ ಅದನ್ನೂ ಗಂಟು ಕಟ್ಟಿಕೊಂಡು ಬಾ, ಜಾಗ ಮಾಡೋಣ.

ತಲೆ ಮೇಲೆ ಕೈಯಿಟ್ಟು ಹರಸುತ್ತೀಯೋ, ತಲೆಗೊಂದು ಮೊಟಕುತ್ತೀಯೋ, ಎರಡಕ್ಕೂ ಬಗ್ಗಿ ನಿಂತಿರುವ,

ನಿನ್ನ ತಮ್ಮ