ಮಾತಿಲ್ಲದ ತಿಂಗಳ ಓದು

ಕಲಬುರಗಿ
೨೪ ಆಗಸ್ಟ್ ೨೦೨೪, ಶನಿವಾರ

ಪ್ರೀತಿಯ ಮರಿಯಮ್,

ಬಸ್ಸು ಹತ್ತುವಾಗ ನಿನ್ನ ಕೈ ಹಿಡಿದು, ವಾರಕ್ಕೊಂದು ಕಾಗದ ಬರೆಯುತ್ತೇನೆ ಎಂದಿದ್ದೆ. ಒಂದನ್ನೂ ಬರೆಯಲಿಲ್ಲ. ಸಿಟ್ಟಾಗಬೇಡ. ಮೊಬೈಲಿನಲ್ಲಿ "ಆರಾಮ", "ಊಟ ಆಯ್ತು" ಎಂದು ಕಳಿಸಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡ, ಅದು ನನ್ನ ಹೆಬ್ಬೆರಳಿನ ಮಾತು. ಇವತ್ತು ಸೂಗಮ್ಮಕ್ಕ ಬಟ್ಟೆ ಕೊಳ್ಳಲು ಸೂಪರ್ ಮಾರ್ಕೆಟ್ ಬಜಾರ್‌ಗೆ ಹೋಗಿದ್ದಾಳೆ. ಮನೆ ಖಾಲಿ. ಶ್ರಾವಣ ಅಲ್ಲವೇ, ಶರಣಬಸವೇಶ್ವರ ಗುಡಿಯ ಕಡೆ ಹೋಗುವ ಜನರ ಸದ್ದು ಕಿಟಕಿಯವರೆಗೂ ಬರುತ್ತಿದೆ. ನಿನ್ನ ಜೊತೆ ಕೂತು ಮಾತಾಡಬೇಕು ಅನ್ನಿಸಿತು.

ಮೊದಲು ಸುದ್ದಿ. ಗಂಟಲಿನ ಗಾಯ ಪೂರ್ತಿ ಮಾಯ್ದಿದೆ. ತೆಗೆದ ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟ್ ಬಂದಿದೆ. ನೀನು ನನಗಾಗಿ ದುಆ ಮಾಡುತ್ತಿದ್ದೀ ಎಂದು ನಿನ್ನ ತಮ್ಮ ಸಲಾವುದ್ದೀನ್ ಹೇಳಿದ. ಸೋಮವಾರ ಕಮಲಾಪುರಕ್ಕೆ ಬರುತ್ತೇನೆ.

ಆಪರೇಷನ್ ಆದ ಮೇಲೆ ಡಾಕ್ಟರು ಒಂದು ತಿಂಗಳು ಮಾತಾಡಬೇಡಿ ಎಂದಾಗ ನಾನು ಅಷ್ಟೇನಾ ಅಂದುಕೊಂಡಿದ್ದೆ. "ಪಿಸುಮಾತೂ ಬೇಡ ಟೀಚರ್, ಅದು ಇನ್ನೂ ಕೆಟ್ಟದ್ದು" ಎಂದರು. ಸೂಗಮ್ಮಕ್ಕ ಅವತ್ತೇ ಒಂದು ಪಾಟಿ, ಒಂದು ಡಬ್ಬಿ ಬಳಪ ತಂದು ನನ್ನ ಮುಂದಿಟ್ಟಳು. ಮೂರನೆಯ ತರಗತಿಯ ಮಕ್ಕಳಿಗೆ ಪಾಟಿ ಹಿಡಿಸಿದ ನಾನೇ ಪಾಟಿ ಹಿಡಿದು ಕೂತೆ ನೋಡು. ಅಕ್ಕನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುವುದಿಲ್ಲ. ನಾನು ಬರೆದು ತೋರಿಸಿದರೆ ಆಕೆ ಕನ್ನಡಕ ಹುಡುಕಲು ಹೋಗುತ್ತಾಳೆ. ಅದು ಸಿಕ್ಕಿ ಆಕೆ ಬರುವಷ್ಟರಲ್ಲಿ ನನಗೆ ಬೇಕಾಗಿದ್ದ ನೀರನ್ನು ನಾನೇ ಕುಡಿದಿರುತ್ತೇನೆ.

ಆಮೇಲೆ ನಿನ್ನ ತಮ್ಮ ಬಂದ. ಅವನನ್ನು ಕಳಿಸಿದ್ದು ನೀನೇ ಎಂದು ಗೊತ್ತು. ತನ್ನ ರದ್ದಿ ಅಂಗಡಿಗೆ ತೂಕಕ್ಕೆ ಬಂದ ಪುಸ್ತಕಗಳಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿ ತಂದಿದ್ದ. "ಅಕ್ಕಾ, ನನಗ ಇದರಾಗ ಏನೂ ತಿಳಿಯಂಗಿಲ್ರೀ. ಹುಳ ಹಿಡೀಲಾರದ್ದು ಅಷ್ಟೇ ಆರಿಸೀನಿ" ಎಂದು ಚೀಲವನ್ನು ಕಟ್ಟೆಯ ಮೇಲೆ ಸುರಿದ. ಹುಳವೇ ಆರಿಸಿಕೊಟ್ಟ ಪುಸ್ತಕಗಳನ್ನು ಓದಿದವಳು ಕಲಬುರಗಿಯಲ್ಲಿ ನಾನೊಬ್ಬಳೇ ಇರಬೇಕು!

ಮೊದಲು ಕೈಗೆ ಬಂದದ್ದು ಒಂದು ಪತ್ತೇದಾರಿ ಕಾದಂಬರಿ. ಊಟದ ಹೊತ್ತಿಗೆ ಕೂಡ ಕೆಳಗಿಡಲಿಲ್ಲ. "ಗಂಟಲಾ ಒಂದು ಆತು, ಈಗ ಕಣ್ಣೂ ಕೆಡಿಸ್ಕೋತಿ ಏನು?" ಎಂದು ಅಕ್ಕ ಬೈದಳು. ಕೊಲೆಗಾರ ಬಾಗಿಲು ತೆರೆದು ಒಳಗೆ ಬರುತ್ತಾನೆ, ದೀಪ ಅವನ ಮುಖದ ಮೇಲೆ ಬೀಳುತ್ತದೆ, ಅಲ್ಲಿಗೆ ಪುಸ್ತಕ ಮುಗಿಯಿತು. ಮುಂದಿನ ಹಾಳೆಗಳನ್ನು ಯಾರೋ ಹರಿದಿದ್ದರು. ಸಲಾವುದ್ದೀನ್ ಮತ್ತೆ ಬಂದಾಗ ಪಾಟಿಯ ಮೇಲೆ "ಕೊನೆಯ ಹಾಳೆ ಎಲ್ಲಿ?" ಎಂದು ದೊಡ್ಡದಾಗಿ ಬರೆದು ಹಿಡಿದೆ. ಅವನು ತಲೆ ಕೆರೆದುಕೊಂಡು, "ಮಿರ್ಚಿ ಭಜಿ ಕಟ್ಟಲಾಕ್ ಹೋಗಿರಬೇಕ್ರೀ. ನಿಮಗ ಯಾರ ಮ್ಯಾಲ ಶಕ್ ಅದ ಅವರನ್ನೇ ಹಿಡದ್ ಬಿಡ್ರಿ" ಎಂದ. ನಗು ಬಂತು. ಸದ್ದು ಮಾಡದೆ ನಗುವುದು ಎಷ್ಟು ಕಷ್ಟ ಗೊತ್ತೇನು? ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ.

ಆಮೇಲೆ ಜೇನು ಸಾಕುವವರಿಗಾಗಿ ಬರೆದ ಕೈಪಿಡಿ. ನನಗೂ ಜೇನಿಗೂ ಏನು ಸಂಬಂಧ? ಆದರೂ ಎರಡು ಸಲ ಓದಿದೆ. ಹೂವು ಎಲ್ಲಿದೆ ಎಂದು ಒಂದು ಹುಳ ಇನ್ನೊಂದಕ್ಕೆ ಕುಣಿದು ತಿಳಿಸುತ್ತದಂತೆ. ಅದನ್ನು ಮಕ್ಕಳಿಗೆ ಹೇಗೆ ಹೇಳಬಹುದು, ಯಾರು ಯಾರನ್ನು ಜೇನು ಮಾಡಿ ಕುಣಿಸಬಹುದು ಎಂದು ಒಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಕೊನೆಯ ಪಿರಿಯಡ್, ಚೀಲ ಕಟ್ಟಿಟ್ಟುಕೊಂಡು ಕೂತ ಮಕ್ಕಳು, ನಾನು ಕತೆ ಓದಲು ಪುಸ್ತಕ ತೆರೆದ ಕೂಡಲೇ ಹಿಂದಿನ ಸಾಲಿನವರು ಮುಂದಕ್ಕೆ ಜರುಗಿ ಬರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಈಗ ಆ ಪಿರಿಯಡ್ ನೀನೇ ತೆಗೆದುಕೊಳ್ಳುತ್ತಿದ್ದೀಯಂತೆ. "ನೀವು ರಾಕ್ಷಸನಂಗ ಒದರಂಗಿಲ್ಲ" ಎಂದು ಮಕ್ಕಳು ನಿನಗೆ ದೂರು ಹೇಳಿದರಂತೆ. ಒದರು ಮಾರಾಯ್ತಿ. ನಾಚಿಕೊಳ್ಳಬೇಡ.

ಒಬ್ಬ ಹಡಗಿನ ಅಡುಗೆಯವನ ನೆನಪುಗಳನ್ನು ಓದಿದೆ. ಸಮುದ್ರ ನೋಡದ ನಾನು ಅವನ ಜೊತೆ ಎಲ್ಲೆಲ್ಲೋ ಹೋಗಿ ಬಂದೆ. ದೊಡ್ಡ ಅಲೆಗಳ ದಿನ ಕೂಡ ಅವನು ಈರುಳ್ಳಿ ಹೆಚ್ಚುತ್ತಾನೆ. ಅದೊಂದು ನನಗೆ ಹಿಡಿಸಿತು.

ಒಂದು ಸಣ್ಣ ಕವನ ಸಂಕಲನವಿತ್ತು. ಕವಿಯ ಹೆಸರನ್ನು ನಾನೆಂದೂ ಕೇಳಿಲ್ಲ. ತನ್ನ ದುಡ್ಡಿನಿಂದಲೇ ಅಚ್ಚು ಹಾಕಿಸಿಕೊಂಡಿರಬೇಕು. ಮೊದಲ ಹಾಳೆಯಲ್ಲಿ ಯಾರಿಗೋ "ನೀವೊಬ್ಬರು ಓದಿದರೆ ಸಾಕು" ಎಂದು ಬರೆದುಕೊಟ್ಟಿದ್ದ. ಒಳಗಿನ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು, ಯಾರೂ ಬಿಡಿಸಿರಲಿಲ್ಲ. ನಾನು ಚಾಕುವಿನಿಂದ ನಿಧಾನಕ್ಕೆ ಬಿಡಿಸಿ ಓದಿದೆ. ಆದರೆ ಮರಿಯಮ್, ಪದ್ಯವನ್ನು ಬಾಯಿ ಮುಚ್ಚಿಕೊಂಡು ಓದಲು ನನ್ನಿಂದ ಆಗಲಿಲ್ಲ. ತುಟಿ ತಾನಾಗಿ ಅಲುಗುತ್ತಿತ್ತು. ಅಕ್ಕ ಅಡುಗೆಮನೆಯಿಂದಲೇ ನೋಡಿ, "ಏ ವಿದ್ಯಾ! ಡಾಕ್ಟರ್ ಏನಂದಾರ? ತುಟಿ ಹೊಲಕೋ!" ಎಂದು ಕೂಗಿದಳು. ಆಕೆಯ ಕೈಗೇ ಪುಸ್ತಕ ಕೊಟ್ಟು, ನೀನೇ ಓದು ಎಂದು ಸನ್ನೆ ಮಾಡಿದೆ. ಕನ್ನಡಕ ಏರಿಸಿ, ಬೆರಳಿಟ್ಟು ನಾಲ್ಕು ಸಾಲು ಓದಿ ನಿಲ್ಲಿಸಿದಳು. "ಚಂದ್ರ ಬಾವ್ಯಾಗ ಬಿದ್ದಾನಂತ. ಅಯ್ಯ, ಒಂದು ಹಗ್ಗ ಇಳಿಬಿಡಲಾಕ್ ಯಾರಿಗೂ ಆಗಿಲ್ಲೇನು?" ಆದರೂ ಮರುದಿನ ಅವಳೇ ಬಂದು, "ಆ ಚಂದ್ರಂದು ಎಲ್ಲಿತನ ಬಂತು?" ಎಂದು ಕೇಳಿದಳು. ಆ ಕವಿಗೆ ಈಗ ಇಬ್ಬರು ಓದುಗರು.

ರೈಲ್ವೆ ಗೇಟು ಕಾಯುತ್ತಿದ್ದ ಹೆಣ್ಣುಮಗಳೊಬ್ಬಳ ಆತ್ಮಕಥೆಯನ್ನು ಮಾತ್ರ ನನ್ನಿಂದ ಒಂದೇ ಉಸಿರಿಗೆ ಓದಲಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಆಕೆಗೆ ಸಿಕ್ಕಿರುತ್ತದೆ. ಸಂಜೆಯ ಪ್ಯಾಸೆಂಜರ್ ಗಾಡಿಗೆ ಹಸಿರು ಬಾವುಟ ತೋರಿಸುತ್ತ ನಿಂತರೆ ಕಿಟಕಿಯಿಂದ ಯಾರು ಯಾರೋ ಕೈಬೀಸುತ್ತಾರೆ. ಆಮೇಲೆ ಮೇಲ್ಸೇತುವೆ ಬರುತ್ತದೆ, ಗೇಟು ಮುಚ್ಚುತ್ತದೆ. ಆಕೆಗೆ ಬೇರೆ ಕಡೆ ಕುರ್ಚಿಯ ಮೇಲೆ ಕೂರುವ ಕೆಲಸ ಕೊಡುತ್ತಾರೆ. "ಎಲ್ಲರೂ ಪುಣ್ಯ ಮಾಡಿದ್ದಿ ಅಂದರು" ಎಂದು ಆಕೆ ಬರೆಯುತ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಮತ್ತೆ ತೆರೆಯಲು ಎರಡು ದಿನ ಬೇಕಾಯಿತು.

ಇಷ್ಟು ವರ್ಷ ನಾನು ಓದಿದ್ದೆಲ್ಲ ಬೇರೆಯವರಿಗಾಗಿ ಎಂದು ಈ ತಿಂಗಳು ತಿಳಿಯಿತು. ಶಾಲೆಯಲ್ಲಿ ಮಕ್ಕಳಿಗೆ, ಮನೆಯಲ್ಲಿ ಕಣ್ಣು ಕಾಣದ ಮಾವನವರಿಗೆ ದಿನಾ ಪೇಪರು. ದನಿ ಎತ್ತಿ ಓದುವುದೇ ನನಗೆ ಓದು. ಮೌನವಾಗಿ ಓದುವಾಗಲೂ ಒಳಗೊಬ್ಬಳು ಗಟ್ಟಿಯಾಗಿ ಓದುತ್ತಾಳೆ, ಆ ದನಿ ನನ್ನದೇ ಎಂದು ಗಮನಿಸಿದ್ದು ಈಗ. ಪುಸ್ತಕ ಮುಗಿದ ದಿನ ಅವಳ ದನಿ ಕೇಳುವ ಆಸೆಗೆ ಔಷಧದ ಡಬ್ಬಿಯ ಒಳಗಿನ ಚೀಟಿಯನ್ನೂ ಓದಿದ್ದೇನೆ. ಅಕ್ಕನಿಗೆ ಇದನ್ನು ಪಾಟಿಯ ಮೇಲೆ ಬರೆದು ತಿಳಿಸುವುದು ಹೇಗೆ? ನಿನಗೆ ಹೇಳಬಹುದು.

ಇನ್ನು ನಿನ್ನ ಮಹಾದೇವಣ್ಣನ ಸುದ್ದಿ. ನನ್ನ ಯಜಮಾನರ ಮಾತು ಎಷ್ಟು ಎಂದು ನಿನಗೆ ಗೊತ್ತು. ನಾನು ಇಡೀ ಶಾಲೆಯ ಕತೆ ಹೇಳಿ ಮುಗಿಸಿದರೆ ಅವರು "ಹೌದಾ" ಎನ್ನುತ್ತಿದ್ದರು. ಆ ಮನುಷ್ಯ ಈ ತಿಂಗಳು ದಿನಾ ಸಂಜೆ ಫೋನ್ ಮಾಡಿ ತಾವೇ ಮಾತಾಡಿದ್ದಾರೆ! ಬಾಳೆಯ ತೋಟದ ಸುದ್ದಿಯಿಂದ ಶುರುವಾಗಿ, ರೊಟ್ಟಿ ಸುಟ್ಟುಕೊಂಡದ್ದು, ಪಕ್ಕದ ಮನೆಯ ಬೆಕ್ಕು ನಮ್ಮಲ್ಲಿ ಮರಿ ಹಾಕಿದ್ದು, ತಾವು ಸಣ್ಣವರಿದ್ದಾಗ ತಾಯಿಯ ಜೊತೆ ಜಗಳ ಮಾಡಿ ಜೋಳದ ಹೊಲದಲ್ಲಿ ಅಡಗಿ ಕೂತದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಹೊಲದ ವಿಷಯ ನನಗೆ ಗೊತ್ತಿರಲಿಲ್ಲ. ಒಂದು ದಿನ ತಾವಾಗಿಯೇ, "ವಿದ್ಯಾ, ನೀ ಮಾತಾಡ್ತಿದ್ದಿ, ನಾ ಕೇಳ್ತಿದ್ದೆ. ಮನಿ ತುಂಬಿದಂಗ ಇರ್ತಿತ್ತು. ಈಗ ನಾನೇ ತುಂಬಾಕತ್ತೀನಿ, ಖರೆ ತುಂಬವಲ್ದು" ಎಂದರು. ಆ ದಿನ ನಾನು ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಭಾನುವಾರ ಇಲ್ಲಿಗೆ ಬಂದಾಗ ಕೆಂಪು ಬಾಳೆಯ ಹಣ್ಣು ತಂದು, ಚಮಚದಿಂದ ತಾವೇ ಕಿವುಚಿ ನುಣ್ಣಗೆ ಮಾಡಿ ಕೊಡುತ್ತಿದ್ದರು. ಎದುರಿಗೆ ಕೂತರೆ ಮತ್ತೆ ಅದೇ ಮೂಕಪ್ಪ. ಫೋನಿನಲ್ಲಿ ಮಾತ್ರ ಮಾತು.

ಊರು ನೆನಪಾಗುತ್ತಿದೆ ಮರಿಯಮ್. ಶಾಲೆಯ ಗಂಟೆ, ನಿನ್ನ ಡಬ್ಬಿಯ ಖಟ್ಟಾ ಬೇಳೆ, ನಮ್ಮ ಅಂಗಳದ ಕೆಂಪು ಮಣ್ಣು. ನಾಡಿದ್ದು ಬರುವುದೇ ಇದೆ, ಆದರೂ ನೆನಪಾಗುತ್ತಿದೆ.

ಅಕ್ಕ ಬಂದಳು. ಸೀರೆ ತೋರಿಸಲು ಕರೆಯುತ್ತಿದ್ದಾಳೆ. ನಿನ್ನ ಮಗಳು ಸನೋಬರ್‌ಗೆ ನನ್ನ ಆಶೀರ್ವಾದ ಹೇಳು, ಓದು ಅವಳ ಕೈ ಬಿಡದಿರಲಿ. ನಿನ್ನ ಅತ್ತೆಯವರಿಗೆ ಸಲಾಮ್. ನಿಮ್ಮ ಮನೆಯಲ್ಲಿ ಸದಾ ನಾಲ್ಕು ಜನರ ಮಾತು ಕೇಳುತ್ತಿರಲಿ, ಎಲ್ಲರೂ ತಣ್ಣಗಿರಿ.

ನಿನ್ನ
ವಿದ್ಯಾವತಿ

ಮರೆತ ಮಾತು:

ಮರೆತಿಲ್ಲ, ಬರೆಯಲಾಗಲಿಲ್ಲ. ಗಾಯ ಮಾಯ್ದಿದೆ ಎಂದೆ, ದನಿಯ ಸುದ್ದಿ ಹೇಳಲಿಲ್ಲ. ಗುರುವಾರ ಡಾಕ್ಟರು ಮಾತಾಡಿ ನೋಡಿ ಎಂದರು. ಹೆಸರು ಹೇಳಿದೆ. ಒರಟಾದ, ಗಂಡಸಿನಂಥ, ಹರಿದ ದನಿಯೊಂದು ಬಂತು. ಗಂಟು ಬಹಳ ಆಳಕ್ಕೆ ಇಳಿದಿತ್ತಂತೆ. "ಇನ್ನಷ್ಟು ಸುಧಾರಿಸಬಹುದು, ಹಳೇ ದನಿ ಬರೋದಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಓದೋದನ್ನ ಬಿಡಬೇಕಾಗುತ್ತೆ ಟೀಚರ್" ಎಂದರು. ಕೊನೆಯ ಪಿರಿಯಡ್ ಇನ್ನು ನಿನ್ನದೇ.

ಅದನ್ನು ತಡೆದುಕೊಂಡೆ. ಆ ಸಂಜೆಯದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ನಮ್ಮವರು ಫೋನ್ ಮಾಡಿದಾಗ ನಾನು ಕೇಳುತ್ತಿದ್ದೇನೆ ಎಂದು ತಿಳಿಸಲು ತಿಂಗಳೆಲ್ಲ ಉಗುರಿನಿಂದ ಫೋನಿನ ಮೇಲೆ ಎರಡು ಸಲ ತಟ್ಟುತ್ತಿದ್ದೆ. ಅವತ್ತು ತಟ್ಟಲಿಲ್ಲ. ಅವರಿಗೆ ಖುಷಿಯಾಗಲಿ ಎಂದು, "ರೀ, ಊಟ ಆತೇನ್ರಿ?" ಎಂದೆ.

ಅವರು ಬಹಳ ಮರ್ಯಾದೆಯಿಂದ, "ಯಾರ್ರೀ ಮಾತಾಡೋದು? ಸ್ವಲ್ಪ ನಮ್ಮ ಮನಿಯಾಕಿ ಕೈಯಾಗ ಫೋನ್ ಕೊಡ್ರಿ. ಆಕಿ ಮಾತಾಡಂಗಿಲ್ಲ, ಖರೆ ಕೇಳ್ತಾಳ" ಎಂದರು.

ನಾನು ಉಗುರಿನಿಂದ ಎರಡು ಸಲ ತಟ್ಟಿದೆ.

"ಹಾಂ, ವಿದ್ಯಾ, ಬಂದೇನು?" ಎಂದು ಅವರು ಬೆಕ್ಕಿನ ಮರಿಗಳು ಕಣ್ಣು ಬಿಟ್ಟ ಸುದ್ದಿ ಶುರು ಮಾಡಿದರು.