ಚೆಂಡೆಸೆದ ತೋಳು

ಕೊಟ್ಟೂರು, 22-2-2001

ಅಕ್ಕಾ,

ಡ್ರಿಲ್ ಮೇಡಮ್ ಆಗಿ ಈ ಊರಿಗೆ ಬಂದು ತಿಂಗಳೂ ಆಗಿಲ್ಲ, ಆಗಲೇ ಎದೆ ನಡುಗಿಸುವಂಥದ್ದು ಕಂಡೆ. ನಮ್ಮ ಶಾಲೆಯ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸಲು ಡೆನಿಸ್ ಎಂಬ ಅಮೆರಿಕದವರು ಬಂದಿದ್ದಾರೆ. ಒಂದು ಕಾಲಕ್ಕೆ ಸಂಬಳ ಪಡೆದು ಆಡುತ್ತಿದ್ದ ದೊಡ್ಡ ಆಟಗಾರ. ನಿನ್ನೆ ಅಂಗಿಯ ತೋಳು ಮಡಚಿದರು ನೋಡು, ಮೊಣಕೈಯಲ್ಲಿ ಗೇಣುದ್ದದ ಹೊಲಿಗೆಯ ಗುರುತು! ತುಂಬಿದ ಕ್ರೀಡಾಂಗಣದಲ್ಲಿ ಚೆಂಡೆಸೆಯುವಾಗ ಒಳಗೆ ಬಟ್ಟೆ ಹರಿದಂಥ ಸದ್ದಾಯಿತಂತೆ. ಆದರೂ ಬಿಡದೆ ಎಸೆದು ಪಂದ್ಯ ಗೆಲ್ಲಿಸಿದರಂತೆ. ಆಮೇಲೆ ಡಾಕ್ಟರು ಮಣಿಕಟ್ಟಿನ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೊಲಿದರೂ ಕೈ ಇವತ್ತಿಗೂ ನೆಟ್ಟಗಾಗುವುದಿಲ್ಲ.

ನಮ್ಮ ಹುಡುಗಿಯರಲ್ಲಿ ದುರ್ಗಾಳಷ್ಟು ಜೋರಾಗಿ ಎಸೆಯುವವರಿಲ್ಲ. ಅವಳ ಅಜ್ಜಿ ಗಿಡ್ಡಮ್ಮ ಅಲ್ಲೇ ಕೂತಿದ್ದರು. "ಅವತ್ತು ನಿಮ್ಮವ್ವ ಇರಲಿಲ್ಲೇನಪಾ?" ಎಂದರು. ನಾನು ಅದನ್ನೇ ಡೆನಿಸ್ ಅವರಿಗೆ ಇಂಗ್ಲಿಷಿನಲ್ಲಿ ಕೇಳಿದೆ.

"ಇದ್ದಳು. ಜನವೆಲ್ಲ ಎದ್ದು ಚಪ್ಪಾಳೆ ತಟ್ಟುವಾಗ ಅವಳೊಬ್ಬಳೇ, ನನ್ನ ಮಗನನ್ನು ಹೊರಗೆ ಕರೆಯಿರಿ ಎಂದು ಕೂಗುತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ" ಎಂದರು.

ಅದನ್ನು ಗಿಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಕೇಳಿದ ಕೂಡಲೇ ಅವರು ಮೊಮ್ಮಗಳ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದರು.

ನನಗೆ ಜ್ವರ ಬಿಟ್ಟಿದೆ, ನೀರು ಕಾಯಿಸಿಯೇ ಕುಡಿಯುತ್ತಿದ್ದೇನೆ, ಅಮ್ಮನಿಗೆ ಹೇಳು.

ಇವತ್ತು ಬೆಳಿಗ್ಗೆ ಗಿಡ್ಡಮ್ಮನೇ ದುರ್ಗಾಳನ್ನು ಕರೆತಂದರು. "ಆಡ್ಲಿ ಬಿಡ್ರಿ ಮೇಡಮ್ಮಾರ, ಅಕಿಗೆ ಭಾಳ ಆಸಿ ಐತಿ. ಆದ್ರ ನೋವು ಅಂದ್ಲಂದ್ರ ಅಲ್ಲಿಗೇ ನಿಲ್ಲಿಸ್ಬೇಕ್ರಿ. ನಿಮ್ ಮ್ಯಾಲೆ ಬಿಟ್ಟೀನಿ ನೋಡ್ರಿ" ಎಂದರು. ಹಾಗೇ ಆಗಲಿ ಎಂದು ತಲೆಯಾಡಿಸಿದೆ. ಹುಡುಗಿಯರು ಮೈದಾನದಲ್ಲಿ ಕಾಯುತ್ತಿದ್ದಾರೆ, ಓಡುತ್ತೇನೆ.

ನಿನ್ನ ಸುಮಿತ್ರಾ